ಎಲುಬು ಗಟ್ಟಿಯಾದರೆ ಒಳ್ಳೆಯದಲ್ಲವೇ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ. ಕೇಳುಗರ ಕೋರಿಕೆಯ ಮೇರೆಗೆ ಇಲ್ಲಿ ಕೊಡಲಾಗಿದೆ.)



ಕೆಲವು ದಿನಗಳ ಹಿಂದೆ ಡೊಂಬಿವಲಿಯಿಂದ ನಮ್ಮ ಕಾರ್ಯಕ್ರಮಕ್ಕೊಂದು ಕಾಗದ ಬಂತು. ಹಾಡಿನ ಕೋರಿಕೆ ಇರಬಹುದೆಂದು ಒಡೆದರೆ ಒಳಗೆ ನಾಲ್ಕು ಪುಟ. ಬರೆದವರು ಹುಬ್ಬಳ್ಳಿ ಕಡೆಯವರು, ಮದುವೆಯಾಗಿ ಮುಂಬೈಗೆ ಬಂದು 20 ವರ್ಷವಾಯಿತಂತೆ. ಅವರ ಮಾವನವರಿಗೆ 71 ವರ್ಷ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಗಿದೆ, ಅದು ಮೂಳೆಗೂ ಹರಡಿದೆ ಎಂದು ಡಾಕ್ಟರು ಹೇಳಿದ್ದಾರೆ. ಮನೆಯವರೆಲ್ಲ ರಿಪೋರ್ಟು ಹಿಡಿದು ಕೂತರು. ಅದರಲ್ಲಿ 'ಸ್ಕ್ಲೆರೋಟಿಕ್' ಎಂಬ ಪದ ನಾಲ್ಕೈದು ಕಡೆ. ಮಗ ಎಲ್ಲೋ ಹುಡುಕಿ, ಹಾಗೆಂದರೆ ಗಟ್ಟಿಯಾಗಿರುವುದು ಎಂದು ಅರ್ಥ ಹೇಳಿದ. ಸುದ್ದಿ ಹುಬ್ಬಳ್ಳಿಗೆ ಹೋಯಿತು. ಅಲ್ಲಿಂದ ಈಕೆಯ ಸೋದರಮಾವ ಫೋನ್ ಮಾಡಿದರು: "ಎಲುಬು ಗಟ್ಟಿ ಆಗ್ಯಾವ ಅಂದ್ರ ಛಲೋನ ಆತಲ್ಲವ್ವಾ! ಕ್ಯಾನ್ಸರು ಎಲುಬು ತಿಂದಿಲ್ಲ ಅಂದಂಗಾತು. ಹಾಲು ಕೊಡು, ಕ್ಯಾಲ್ಸಿಯಂ ಗುಳಗಿ ತಂದು ಕೊಡು, ಇನ್ನಷ್ಟು ಗಟ್ಟಿ ಆಗ್ತಾವ."

ಕಾಗದದ ಕೊನೆಯಲ್ಲಿ ಆಕೆ ಕೇಳಿರುವುದು ಇಷ್ಟು. ಎಲುಬು ಗಟ್ಟಿಯಾಗಿದ್ದರೆ ಮಾವನವರಿಗೆ ರಾತ್ರಿಯೆಲ್ಲ ಸೊಂಟ ನೋವು ಏಕೆ? ಗಟ್ಟಿಯಾದ ಮೂಳೆ ಮುರಿಯಬಹುದು ಎಂದು ಡಾಕ್ಟರು ಏಕೆ ಹೇಳುತ್ತಾರೆ? ಅವರನ್ನು ಲೋಕಲ್ ಟ್ರೈನಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಬಹುದೇ? ಕೆಳಗೆ ಒಂದು ಸಾಲು: "ಡಾಕ್ಟರು ಇಂಗ್ಲಿಷು, ಹಿಂದಿಯಲ್ಲಿ ಹೇಳಿದರು. ತಲೆಯಾಡಿಸಿ ಬಂದೆವು. ದಯವಿಟ್ಟು ಕನ್ನಡದಲ್ಲಿ ಹೇಳಿ."

ನಾನು ವೈದ್ಯೆಯಲ್ಲ, ಕನ್ನಡ ಬಿ.ಎ. ಓದಿದವಳು. ಆದರೆ 'ಕನ್ನಡದಲ್ಲಿ ಹೇಳಿ' ಎಂದ ಮೇಲೆ ಕಾಗದವನ್ನು ಪಕ್ಕಕ್ಕಿಡಲು ಮನಸ್ಸಾಗಲಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ, ಪರಿಚಯದ ವೈದ್ಯರೊಬ್ಬರನ್ನು ಕೇಳಿದೆ, ಬರೆದದ್ದನ್ನು ಅವರಿಗೇ ತೋರಿಸಿದೆ. ಅವರು ಒಂದು ಪದವನ್ನು ಹೊಡೆದುಹಾಕಿ ತಿದ್ದಿದರು. ಯಾವ ಪದ ಎಂಬುದನ್ನು ಆಮೇಲೆ ಹೇಳುತ್ತೇನೆ. ಇಡೀ ವಿಷಯ ಅದರಲ್ಲೇ ಇದೆ.

ಮೊದಲು ನಮ್ಮ ಮೂಳೆಯ ಕಥೆ. ನಾವು ಮೂಳೆಯನ್ನು ಕಲ್ಲಿನ ಹಾಗೆ, ಒಮ್ಮೆ ಬೆಳೆದು ನಿಂತದ್ದು ಎಂದುಕೊಂಡಿರುತ್ತೇವೆ. ನಿಜದಲ್ಲಿ ಅದು ಸದಾ ರಿಪೇರಿಯಲ್ಲಿರುವ ಕಟ್ಟಡ. ದೊಡ್ಡವರ ಮೈಯಲ್ಲಿ ಒಂದು ವರ್ಷಕ್ಕೆ ಸುಮಾರು ಹತ್ತರಲ್ಲಿ ಒಂದು ಭಾಗ ಮೂಳೆ ಹೊಸದಾಗುತ್ತದೆ. ಮುಂಬೈಯವರಿಗೆ ಇದನ್ನು ವಿವರಿಸುವುದು ಸುಲಭ. ಹಳೆಯ ಚಾಳನ್ನು ಕೆಡವಿ ಅದೇ ಜಾಗದಲ್ಲಿ ಹೊಸ ಕಟ್ಟಡ ಎಬ್ಬಿಸುವುದನ್ನು ದಿನಾ ನೋಡುತ್ತೇವಲ್ಲ, ರೀಡೆವಲಪ್‌ಮೆಂಟ್, ಅದೇ ಕೆಲಸ. ಮೂಳೆಯೊಳಗೆ ಎರಡು ತಂಡಗಳಿವೆ. ಒಂದು ಕೆಡಹುವ ತಂಡ. ಈ ಕಣಗಳು ಆಮ್ಲ ಸುರಿಸಿ ಹಳೆಯ ಮೂಳೆಯನ್ನು ಕರಗಿಸುತ್ತವೆ. ಇನ್ನೊಂದು ಕಟ್ಟುವ ತಂಡ. ಇವು ಕೊಲಾಜೆನ್ ಎಂಬ ನಾರನ್ನು ಹಾಸಿ ಅದರ ಮೇಲೆ ಕ್ಯಾಲ್ಸಿಯಂ, ಫಾಸ್ಫೇಟುಗಳ ಗಾರೆ ಹಾಕುತ್ತವೆ. ಕೆಡಹುವ ಕೆಲಸ ಕೆಲವು ವಾರಗಳದ್ದು, ಕಟ್ಟುವ ಕೆಲಸ ಕೆಲವು ತಿಂಗಳುಗಳದ್ದು. ಒಂದು ತಂಡ ಮುಗಿಸದೆ ಇನ್ನೊಂದು ಕೈಹಾಕುವುದಿಲ್ಲ. ನಮ್ಮ ಬಿಲ್ಡರುಗಳಿಗಿಂತ ಶಿಸ್ತು ಜಾಸ್ತಿ.

ಇಲ್ಲಿ ಗಮನಿಸಬೇಕಾದ ಮಾತು ಆ ನಾರಿನ ಹಾಸು. ಒಳ್ಳೆಯ ಮೂಳೆಯಲ್ಲಿ ನಾರುಗಳು ಪದರ ಪದರವಾಗಿ, ಒಂದೇ ದಿಕ್ಕಿಗೆ, ಚಾಪೆ ಹೆಣೆದ ಹಾಗೆ ನೀಟಾಗಿರುತ್ತವೆ. ನಾವು ಕುಣಿದರೂ ಎಡವಿದರೂ ಮೂಳೆ ತಾಳಿಕೊಳ್ಳುವುದು ಈ ಅಚ್ಚುಕಟ್ಟಿನಿಂದ. ಕ್ಯಾಲ್ಸಿಯಂ ಎಷ್ಟಿದೆ ಎಂಬುದರಷ್ಟೇ ಅದು ಹೇಗೆ ಕೂತಿದೆ ಎಂಬುದೂ ಮುಖ್ಯ. ಇಟ್ಟಿಗೆಯ ರಾಶಿಯಲ್ಲೂ ಇಟ್ಟಿಗೆ ಇರುತ್ತದೆ, ಗೋಡೆಯಲ್ಲೂ ಇರುತ್ತದೆ. ರಾಶಿಗೆ ಒರಗಿ ಯಾರೂ ನಿಲ್ಲುವುದಿಲ್ಲ.

ಇನ್ನು ಪ್ರಾಸ್ಟೇಟ್. ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಅಕ್ರೋಟಿನ ಗಾತ್ರದ ಗ್ರಂಥಿ. ವೀರ್ಯದ ದ್ರವದ ಒಂದು ಭಾಗವನ್ನು ತಯಾರಿಸುವುದು ಅದರ ಕೆಲಸ. ವಯಸ್ಸಾದಂತೆ ಅನೇಕರಿಗೆ ಅದು ಸುಮ್ಮನೆ ದೊಡ್ಡದಾಗುತ್ತದೆ, ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದವರಲ್ಲೂ ಅನೇಕರಿಗೆ ಅದು ನಿಧಾನವಾಗಿ ಬೆಳೆಯುತ್ತದೆ, ಗ್ರಂಥಿ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಆದರೆ ಒಮ್ಮೆ ರಕ್ತದ ಮೂಲಕ ಹೊರಟಿತೆಂದರೆ ಅದು ಮೊದಲು ಹುಡುಕುವ ವಿಳಾಸ ಮೂಳೆ. ಸೊಂಟದ ಬೆನ್ನುಮೂಳೆ, ಕಟಿಯ ಮೂಳೆ, ಪಕ್ಕೆಲುಬು, ತೊಡೆಮೂಳೆಯ ಮೇಲ್ಭಾಗ.

ಮೂಳೆಯೇ ಏಕೆ? ಈ ಪ್ರಶ್ನೆ ಬಹಳ ಹಳೆಯದು. 1889ರಲ್ಲಿ ಲಂಡನ್ನಿನ ಸ್ಟೀಫನ್ ಪೇಜೆಟ್ ಎಂಬ ಶಸ್ತ್ರವೈದ್ಯ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ತೆಗೆದು ನೋಡಿದ. ರಕ್ತ ಎಲ್ಲ ಅಂಗಕ್ಕೂ ಹರಿಯುತ್ತದೆ, ಆದರೂ ಕ್ಯಾನ್ಸರ್ ಕೆಲವು ಅಂಗಗಳಲ್ಲೇ ಬೇರು ಬಿಡುತ್ತದೆ ಎಂಬುದು ಅವನಿಗೆ ಕಂಡಿತು. ಬೀಜ ಎಲ್ಲ ಕಡೆ ಹಾರುತ್ತದೆ, ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂಬ ಹೋಲಿಕೆ ಅವನದು. ನಮ್ಮ ರೈತರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ, ವೈದ್ಯಶಾಸ್ತ್ರಕ್ಕೆ ಮಾತ್ರ ಅದು ದೊಡ್ಡ ಮಾತಾಯಿತು. ಆಮೇಲೆ 1940ರಲ್ಲಿ ಅಮೆರಿಕದ ಆಸ್ಕರ್ ಬ್ಯಾಟ್ಸನ್ ಇನ್ನೊಂದು ದಾರಿ ತೋರಿಸಿದ. ಕಟಿಯ ಭಾಗದ ರಕ್ತನಾಳಗಳಿಗೂ ಬೆನ್ನುಮೂಳೆಯ ಸುತ್ತಲಿನ ರಕ್ತನಾಳಗಳಿಗೂ ನೇರ ಸಂಪರ್ಕವಿದೆ, ಆ ನಾಳಗಳಲ್ಲಿ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟಗಳಿಲ್ಲ. ಕೆಮ್ಮಿದಾಗ, ಮುಕ್ಕಿದಾಗ ರಕ್ತ ಆ ಕಡೆಗೆ ತಿರುಗಬಹುದು. ಪ್ರಾಸ್ಟೇಟಿನಿಂದ ಬೆನ್ನಿಗೆ ಅದು ಒಳದಾರಿ. ನೆಲವೂ ಒಗ್ಗಿತು, ದಾರಿಯೂ ಸಿಕ್ಕಿತು.

ಈಗ ಸೋದರಮಾವನ ಮಾತಿಗೆ ಬರೋಣ. ಅವರು ಹೇಳಿದ್ದು ಬರೀ ಹಳ್ಳಿಮಾತಲ್ಲ. ಮೂಳೆಗೆ ಹರಡುವ ಕ್ಯಾನ್ಸರುಗಳಲ್ಲಿ ಹಲವು ನಿಜವಾಗಿಯೂ ಮೂಳೆಯನ್ನು ತಿನ್ನುತ್ತವೆ. ಮೂತ್ರಪಿಂಡದ್ದು, ಶ್ವಾಸಕೋಶದ್ದು, ಮಜ್ಜೆಯ ಮೈಲೋಮ, ಇವು ಕೆಡಹುವ ತಂಡವನ್ನು ಕೆರಳಿಸುತ್ತವೆ. ಎಕ್ಸ್-ರೇಯಲ್ಲಿ ಮೂಳೆಯಲ್ಲಿ ಕಪ್ಪು ತೂತುಗಳು ಕಾಣುತ್ತವೆ. ಪ್ರಾಸ್ಟೇಟಿನದು ತಿರುಗುಮುರುಗು. ಎಕ್ಸ್-ರೇಯಲ್ಲಿ ತೂತಿನ ಬದಲು ಬೆಳ್ಳಗಿನ ಮಚ್ಚೆಗಳು, ಸುಣ್ಣ ಮೆತ್ತಿದ ಹಾಗೆ. ಅಲ್ಲಿ ಮೂಳೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ರಿಪೋರ್ಟಿನ 'ಸ್ಕ್ಲೆರೋಟಿಕ್' ಎಂಬ ಪದಕ್ಕೆ ಇದೇ ಅರ್ಥ. ಅಂದರೆ ಮಗ ಹೇಳಿದ ಅರ್ಥ ಸರಿ, ಸೋದರಮಾವ ತೆಗೆದ ತೀರ್ಮಾನ ಮಾತ್ರ ತಪ್ಪು.

ನನ್ನ ಕರಡಿನಲ್ಲಿ ನಾನು "ಈ ಕ್ಯಾನ್ಸರ್ ಮೂಳೆಯನ್ನು ಕಟ್ಟುತ್ತದೆ" ಎಂದು ಬರೆದಿದ್ದೆ. ವೈದ್ಯರು ಕೆಂಪು ಪೆನ್ನಿನಲ್ಲಿ 'ಕಟ್ಟುತ್ತದೆ' ಎಂಬುದನ್ನು ಹೊಡೆದು 'ಕಟ್ಟಿಸುತ್ತದೆ' ಎಂದು ಬರೆದರು. ಬಿ.ಎ. ಓದುವಾಗ ಪ್ರೇರಣಾರ್ಥಕ 'ಇಸು' ಪ್ರತ್ಯಯಕ್ಕೆ ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ ಮಾಡು, ಮಾಡಿಸು ಎಂದು ಬರೆದು ಅಂಕ ತೆಗೆದವಳು ನಾನು. ಅದರ ಬೆಲೆ ಈಗ ತಿಳಿಯಿತು. ಕ್ಯಾನ್ಸರಿನ ಕಣಗಳು ಬಂದು ಸೇರಿದ ಜಾಗದಲ್ಲಿ ನಮ್ಮದೇ ಕಟ್ಟುವ ತಂಡಕ್ಕೆ ಸುಳ್ಳು ಆರ್ಡರು ಕೊಡುತ್ತವೆ. ಕೆಲಸಗಾರರು ನಮ್ಮವರು, ಕ್ಯಾಲ್ಸಿಯಂ ನಮ್ಮದು, ಮೇಸ್ತ್ರಿ ಮಾತ್ರ ಹೊರಗಿನವನು.

ಆ ಆರ್ಡರುಗಳು ರಾಸಾಯನಿಕ ಸಂದೇಶಗಳು. ಎಂಡೋಥೆಲಿನ್ ಎಂಬುದೊಂದು, ಮೂಳೆ ಬೆಳೆಸುವ ಬಿ.ಎಂ.ಪಿ. ಎಂಬ ಪ್ರೋಟೀನುಗಳ ಗುಂಪೊಂದು, ಡಬ್ಲ್ಯು.ಎನ್.ಟಿ. ಎಂದು ಬರೆದು 'ವಿಂಟ್' ಎಂದು ಓದುವ ಇನ್ನೊಂದು ಗುಂಪು. ಹೆಸರುಗಳನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಕಟ್ಟುವ ಕಣಗಳಿಗೆ ಇವೆಲ್ಲ 'ಹೆಚ್ಚಿ, ದುಡಿಯಿರಿ' ಎಂದು ಹೇಳುತ್ತವೆ. 'ಸಾಕು, ನಿಲ್ಲಿಸಿ' ಎಂದು ಹೇಳುವ ಪ್ರೋಟೀನುಗಳೂ ನಮ್ಮಲ್ಲಿವೆ. ಅಂಥದೊಂದನ್ನು ಪ್ರಯೋಗಾಲಯದಲ್ಲಿ ತಡೆದು ನೋಡಿದಾಗ, ಮೂಳೆ ತಿನ್ನುತ್ತಿದ್ದ ಪ್ರಾಸ್ಟೇಟ್ ಕ್ಯಾನ್ಸರ್ ಕಣಗಳೇ ಮೂಳೆ ಕಟ್ಟಿಸಲು ಹೊರಟವು. ತಿನ್ನುವುದೋ ಕಟ್ಟಿಸುವುದೋ ಎಂಬುದು ಈ ಸಂದೇಶಗಳ ತೂಕದ ಮೇಲೆ ನಿಂತಿದೆ. ಇನ್ನೂ ಸೋಜಿಗದ ಮಾತೆಂದರೆ ಈ ಕಣಗಳು ಮೂಳೆಯಲ್ಲಿ ನೆಲೆಸಿದ ಮೇಲೆ ಮೂಳೆಕಣಗಳು ಮಾಡುವ ಕೆಲವು ಪ್ರೋಟೀನುಗಳನ್ನು ತಾವೂ ಮಾಡತೊಡಗುತ್ತವೆ. ಊರಿಗೆ ಬಂದವನು ಊರಿನ ಭಾಷೆ ಕಲಿತು ನಮ್ಮವನೇ ಎನ್ನುವಂತೆ ತಿರುಗಾಡಿದ ಹಾಗೆ. ಪರವೂರಿನಲ್ಲಿ ಬದುಕುವ ನಮಗೆ ಈ ಹೋಲಿಕೆ ಕೊಂಚ ಮುಜುಗರದ್ದೇ, ಇರಲಿ. 2017ರಲ್ಲಿ ಅಮೆರಿಕದ ಸಂಶೋಧಕರು ಇನ್ನೊಂದನ್ನು ಕಂಡರು. ಗಡ್ಡೆಯೊಳಗಿನ ರಕ್ತನಾಳಗಳ ಒಳಪದರದ ಕೆಲವು ಕಣಗಳನ್ನೇ ಈ ಕ್ಯಾನ್ಸರ್ ಮೂಳೆ ಕಟ್ಟುವ ಕಣಗಳಾಗಿ ಬದಲಾಯಿಸಬಲ್ಲದು. ಕೆಲಸಗಾರರು ಸಾಲದಿದ್ದರೆ ದಾರಿಹೋಕರ ಕೈಗೂ ಕರಣೆ ಕೊಟ್ಟಂತೆ.

ಹೀಗೆ ಅವಸರದಲ್ಲಿ, ನಕ್ಷೆಯಿಲ್ಲದೆ ಕಟ್ಟಿದ ಮೂಳೆ ಹೇಗಿರುತ್ತದೆ? ನಾರುಗಳು ಪದರವಾಗಿ ಕೂರುವುದಿಲ್ಲ, ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ. ಇಂಥ ಮೂಳೆ ನಮಗೆ ಅಪರಿಚಿತವೇನಲ್ಲ. ತಾಯಿಯ ಹೊಟ್ಟೆಯಲ್ಲಿರುವ ಮಗುವಿನಲ್ಲೂ, ಮುರಿದ ಮೂಳೆ ಕೂಡುವಾಗಲೂ ಮೊದಲು ಬರುವುದು ಇದೇ ಒರಟು ಮೂಳೆ. ಆಗ ಅದು ತಾತ್ಕಾಲಿಕ, ಕಟ್ಟಡಕ್ಕೆ ಕಟ್ಟುವ ಬಿದಿರಿನ ಸಾರುವೆಯಂತೆ. ಬರಬರುತ್ತ ಅದನ್ನು ತೆಗೆದು ಅಚ್ಚುಕಟ್ಟಾದ ಮೂಳೆ ಬರುತ್ತದೆ. ಕ್ಯಾನ್ಸರ್ ಇರುವಲ್ಲಿ ಆ ಎರಡನೆಯ ಹಂತ ಸರಿಯಾಗಿ ನಡೆಯುವುದಿಲ್ಲ. ಒರಟಿನ ಮೇಲೆ ಒರಟು ಬಂದು ಬೀಳುತ್ತದೆ. ಫೋಟೋದಲ್ಲಿ ಬೆಳ್ಳಗೆ ದಪ್ಪಗೆ ಕಾಣುತ್ತದೆ, ಭಾರ ಬಿದ್ದಾಗ ಒಳ್ಳೆಯ ಮೂಳೆಯಷ್ಟು ತಾಳುವುದಿಲ್ಲ.

ಅಷ್ಟೇ ಅಲ್ಲ. ಮೇಲೆ ಕಟ್ಟಿಸುತ್ತಿರುವಂತೆ ಕಂಡರೂ ಒಳಗೆ ಕೆಡಹುವ ತಂಡವೂ ಜೋರಾಗಿ ದುಡಿಯುತ್ತಿರುತ್ತದೆ. ಮೂಳೆ ಕರಗಿದಾಗ ಮೂತ್ರದಲ್ಲಿ ಬೀಳುವ ಕೊಲಾಜೆನ್ ತುಣುಕುಗಳು ಈ ರೋಗಿಗಳಲ್ಲಿ ಹೆಚ್ಚಾಗಿರುತ್ತವೆ. ಮೂಳೆ ಕರಗಿದಾಗ ಅದರೊಳಗೆ ಶೇಖರವಾಗಿದ್ದ ಬೆಳವಣಿಗೆಯ ದ್ರವ್ಯಗಳು ಬಿಡುಗಡೆಯಾಗುತ್ತವೆ. ಕ್ಯಾನ್ಸರಿಗೆ ಅವೇ ಗೊಬ್ಬರ. ಅದು ಬೆಳೆದು ಮತ್ತಷ್ಟು ಆರ್ಡರು ಕಳಿಸುತ್ತದೆ. ಗಾಣದೆತ್ತಿನ ಸುತ್ತು. ಹೊರಗೆ ಪ್ಲಾಸ್ಟರ್ ನಡೆಯುತ್ತಿರುವಾಗಲೇ ಒಳಗೆ ಕಂಬ ಕೊರೆಯುತ್ತಿರುವ ಕಟ್ಟಡವನ್ನು ನೀವು ನೋಡಿದ್ದರೆ ಡಾಕ್ಟರು 'ಮುರಿಯಬಹುದು' ಎಂದದ್ದು ಏಕೆಂದು ಗೊತ್ತಾಗುತ್ತದೆ.

ನೋವಿಗೆ ಕಾರಣಗಳು ಒಂದೆರಡಲ್ಲ. ಮೂಳೆಯ ಹೊರಪೊರೆಯಲ್ಲಿ ನರಗಳು ದಟ್ಟವಾಗಿರುತ್ತವೆ, ಅದು ಉಬ್ಬಿ ಎಳೆದಾಗ ನೋಯುತ್ತದೆ. ಕೆಡಹುವ ಕಣಗಳು ಸುರಿಸುವ ಆಮ್ಲವೂ ನರವನ್ನು ಕೆಣಕುತ್ತದೆ. ಕಣ್ಣಿಗೆ ಕಾಣದ ಸಣ್ಣ ಬಿರುಕುಗಳೂ ಇರಬಹುದು. ಇದು ಹಗಲು ದುಡಿದ ಸೊಂಟನೋವಿನ ಹಾಗಲ್ಲ, ಮಲಗಿದರೂ ಬಿಡುವುದಿಲ್ಲ. ನಮ್ಮಲ್ಲಿ ಗಂಡಸರು ಇದನ್ನು ವಯಸ್ಸಿನ ಮೇಲೆ, ಚಳಿಯ ಮೇಲೆ, ಇಷ್ಟು ವರ್ಷ ಟ್ರೈನಿನಲ್ಲಿ ನಿಂತದ್ದರ ಮೇಲೆ ಹಾಕಿ ತೈಲ ತಿಕ್ಕಿಸಿಕೊಂಡು ತಿಂಗಳು ಕಳೆಯುತ್ತಾರೆ. ನಮ್ಮ ತಂದೆಯವರ ಪೀಳಿಗೆಗೆ ಸೊಂಟದ ಕೆಳಗಿನ ಯಾವ ಮಾತನ್ನೂ ಬಾಯಿಬಿಟ್ಟು ಹೇಳುವ ಅಭ್ಯಾಸವೇ ಇಲ್ಲ.

ಒಂದು ಸಣ್ಣ ಸುತ್ತು ಹಾಕಿ ಬರೋಣ. ಇದನ್ನು ಇಂದಿನ ಊಟ, ಇಂದಿನ ಊರು ತಂದ ರೋಗ ಎಂದು ಕೆಲವರು ಹೇಳುವುದುಂಟು. ದಕ್ಷಿಣ ಸೈಬೀರಿಯಾದ ತುವಾ ಪ್ರಾಂತದಲ್ಲಿ ಅರ್ಝಾನ್ ಎಂಬಲ್ಲಿ 2001ರಲ್ಲಿ ಶಕರ ಅರಸನೊಬ್ಬನ ಸಮಾಧಿ ಸಿಕ್ಕಿತು. ಸುಮಾರು 2,700 ವರ್ಷ ಹಳೆಯದು, ಒಳಗೆ ರಾಶಿ ಬಂಗಾರ. ಬಂಗಾರದ ನಡುವೆ ಮಲಗಿದ್ದ ಅರಸನಿಗೆ ಸತ್ತಾಗ 40ರಿಂದ 50ರ ನಡುವಿನ ವಯಸ್ಸು. ಅವನ ಮೂಳೆಗಳಲ್ಲೆಲ್ಲ ಗಂಟುಗಳು. ಸೂಕ್ಷ್ಮದರ್ಶಕದಲ್ಲಿ ನೋಡಿ, ಮೂಳೆಯಿಂದ ಪ್ರೋಟೀನು ಹೊರತೆಗೆದು ಪರೀಕ್ಷಿಸಿದರು. ನಮ್ಮ ಲ್ಯಾಬುಗಳಲ್ಲಿ ಇಂದು ರಕ್ತದಲ್ಲಿ ನೋಡುವ ಪಿ.ಎಸ್.ಎ., ಅದೇ ಅಲ್ಲಿ ಸಿಕ್ಕಿತು. 2007ರಲ್ಲಿ ಈ ವರದಿ ಪ್ರಕಟವಾಯಿತು. ಲಿಸ್ಬನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಸುಮಾರು 2,250 ವರ್ಷ ಹಳೆಯ ಈಜಿಪ್ಟಿನ ಮಮ್ಮಿಯೊಂದನ್ನು ಸಿ.ಟಿ. ಸ್ಕ್ಯಾನಿಗೆ ಹಾಕಿದಾಗಲೂ ಸೊಂಟದಲ್ಲಿ, ಬೆನ್ನುಮೂಳೆಯಲ್ಲಿ ಅವೇ ಬೆಳ್ಳಗಿನ ಮಚ್ಚೆಗಳು. ಮಾಂಸವೆಲ್ಲ ಹೋದ ಮೇಲೂ ಈ ರೋಗ ತಾನು ಕಟ್ಟಿಸಿದ್ದನ್ನು ಬಿಟ್ಟುಹೋಗುತ್ತದೆ. ಆ ಅರಸನಿಗೂ ರಾತ್ರಿ ನಿದ್ದೆ ಬಂದಿರಲಾರದು. ಬಂಗಾರ ಏನು ಮಾಡೀತು?

ಇನ್ನು ರಿಪೋರ್ಟುಗಳ ವಿಷಯ, ಮನೆಮನೆಯಲ್ಲಿ ಗಾಬರಿ ಹುಟ್ಟಿಸುವುದು ಇವೇ.

ಬೋನ್ ಸ್ಕ್ಯಾನ್ ಎಂಬ ಪರೀಕ್ಷೆಯಲ್ಲಿ ಟೆಕ್ನೀಶಿಯಂ ಎಂಬ ವಿಕಿರಣ ವಸ್ತುವನ್ನು ಮೂಳೆಗೆ ಅಂಟುವ ಔಷಧಕ್ಕೆ ಸೇರಿಸಿ ಇಂಜೆಕ್ಷನ್ ಕೊಡುತ್ತಾರೆ. ನೀರು ಕುಡಿಯಿರಿ ಎಂದು ಎರಡು ಮೂರು ಗಂಟೆ ಕೂರಿಸಿ ಆಮೇಲೆ ಚಿತ್ರ ತೆಗೆಯುತ್ತಾರೆ. ಅದರ ವಿಕಿರಣ ಆರು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ, ಹೆದರಬೇಕಾಗಿಲ್ಲ. ಎಲ್ಲಿ ಹೊಸ ಮೂಳೆ ಕಟ್ಟುತ್ತಿದೆಯೋ ಅಲ್ಲಿ ಅದು ಹೋಗಿ ಕೂರುತ್ತದೆ, ಚಿತ್ರದಲ್ಲಿ ಆ ಜಾಗ ಕಪ್ಪಗೆ ಎದ್ದು ಕಾಣುತ್ತದೆ. ಎಕ್ಸ್-ರೇಯಲ್ಲಿ ಬಿಳಿ, ಸ್ಕ್ಯಾನಿನಲ್ಲಿ ಕಪ್ಪು, ಎರಡೂ ಒಂದೇ ಮಾತು. ಒಂದು ಎಚ್ಚರ. ಈ ಸ್ಕ್ಯಾನು ತೋರಿಸುವುದು ಕಟ್ಟಡದ ಕೆಲಸವನ್ನು, ಕ್ಯಾನ್ಸರನ್ನಲ್ಲ. ಹಳೆಯ ಪೆಟ್ಟು, ಸಂಧಿವಾತವೂ ಅದರಲ್ಲಿ ಕಾಣುತ್ತವೆ. ಇನ್ನೊಂದು, ಚಿಕಿತ್ಸೆ ಶುರುವಾದ ಮೊದಲ ಕೆಲವು ತಿಂಗಳಲ್ಲಿ ಸ್ಕ್ಯಾನು ಮೊದಲಿಗಿಂತ ಕೆಟ್ಟದಾಗಿ ಕಾಣಬಹುದು. ಔಷಧ ಕೆಲಸ ಮಾಡಿ ಮೂಳೆ ಮಾಯುವಾಗಲೂ ಹೊಸ ಮೂಳೆ ಕಟ್ಟುತ್ತದಲ್ಲ, ಅದೂ ಕಪ್ಪಾಗಿಯೇ ಬರುತ್ತದೆ. ಎಷ್ಟೋ ಮನೆಗಳಲ್ಲಿ ಆ ಒಂದು ಚಿತ್ರ ನೋಡಿ ಕೈಚೆಲ್ಲಿ ಕೂತುಬಿಡುತ್ತಾರೆ, ಔಷಧವನ್ನೇ ನಿಲ್ಲಿಸಿ ಬೇರೆ ಏನೇನೋ ಹುಡುಕುತ್ತಾರೆ. ಅವಸರಪಡಬೇಡಿ. ಪಿ.ಎಸ್.ಎ. ಇಳಿದಿದೆಯೇ, ನೋವು ಕಡಿಮೆಯೇ, ಇವನ್ನೆಲ್ಲ ಕೂಡಿಸಿ ನೋಡುವುದು ಡಾಕ್ಟರ ಕೆಲಸ.

ರಕ್ತದ ರಿಪೋರ್ಟಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಸಾಲೊಂದು ಇರುತ್ತದೆ. ಪಿತ್ತಜನಕಾಂಗದಿಂದಲೂ ಬರುವ ಇದು, ಮೂಳೆ ಕಟ್ಟುವ ಕಣಗಳು ದುಡಿದಷ್ಟೂ ಏರುತ್ತದೆ. ಹಿಮೋಗ್ಲೋಬಿನ್ ಇಳಿದಿದ್ದರೆ ಅದಕ್ಕೂ ನಂಟಿರಬಹುದು. ರಕ್ತ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ, ಆ ಜಾಗವನ್ನು ಗಡ್ಡೆಯೂ ಒರಟು ಮೂಳೆಯೂ ಆಕ್ರಮಿಸಿದರೆ ರಕ್ತಕ್ಕೆ ಜಾಗವೆಲ್ಲಿ?

ಈಗ ಕ್ಯಾಲ್ಸಿಯಂ. ಮೂಳೆ ತಿನ್ನುವ ಕ್ಯಾನ್ಸರುಗಳಲ್ಲಿ ಕರಗಿದ ಕ್ಯಾಲ್ಸಿಯಂ ರಕ್ತಕ್ಕೆ ಬಂದು ಅಲ್ಲಿ ಏರುತ್ತದೆ. ಇಲ್ಲಿ ಉಲ್ಟಾ. ಕಟ್ಟಡ ಜೋರಾದಾಗ ಅದು ರಕ್ತದ ಕ್ಯಾಲ್ಸಿಯಮ್ಮನ್ನು ಹೀರಿಕೊಳ್ಳುತ್ತದೆ, ಕೆಲವರಲ್ಲಿ ಮಟ್ಟ ತೀರಾ ಕೆಳಗಿಳಿಯುತ್ತದೆ. ಬಾಯಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಡುವುದು, ಸ್ನಾಯು ಹಿಡಿದುಕೊಳ್ಳುವುದು ಅದರ ಸೂಚನೆ. ಮೂಳೆ ಕರಗುವುದನ್ನು ತಡೆಯುವ ಇಂಜೆಕ್ಷನ್ನುಗಳಿವೆ. 2002ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೋಲೆಡ್ರೋನಿಕ್ ಆಸಿಡ್ ಒಂದು, 2010ರಲ್ಲಿ ಬಂದ ಡೆನೋಸುಮ್ಯಾಬ್ ಇನ್ನೊಂದು. ಕಟ್ಟುವ ರೋಗಕ್ಕೆ ಕೆಡಹುವುದನ್ನು ತಡೆಯುವ ಔಷಧ ಏಕೆ ಎಂದರೆ, ಒಳಗೆ ಕೆಡಹುವ ತಂಡವೂ ಕೆರಳಿದೆ ಎಂದು ಹೇಳಿದೆನಲ್ಲ, ಅದಕ್ಕೆ. ಇವು ಕ್ಯಾನ್ಸರನ್ನು ಗುಣಪಡಿಸುವುದಿಲ್ಲ, ಮೂಳೆ ಮುರಿಯುವುದನ್ನು, ಅಂಥ ತೊಂದರೆಗಳನ್ನು ಕಡಿಮೆಮಾಡುತ್ತವೆ. ಇವನ್ನು ಕೊಡುವಾಗ ರಕ್ತದ ಕ್ಯಾಲ್ಸಿಯಂ ಇನ್ನೂ ಇಳಿಯಬಹುದು, ಹಾಗಾಗಿ ಕ್ಯಾಲ್ಸಿಯಂ, ವಿಟಮಿನ್ ಡಿ ಗುಳಿಗೆಗಳನ್ನು ಡಾಕ್ಟರೇ ಬರೆದುಕೊಡುತ್ತಾರೆ. ಹುಬ್ಬಳ್ಳಿಯ ಸೋದರಮಾವನ ಗುಳಗಿ ಪೂರ್ತಿ ತಪ್ಪಲ್ಲ ಎಂದಾಯಿತು, ಕಾರಣ ಮಾತ್ರ ಬೇರೆ. ಎಷ್ಟು ಎಂಬುದನ್ನು ರಕ್ತಪರೀಕ್ಷೆ ನೋಡಿ ಅವರೇ ಹೇಳಬೇಕು. ಈ ಇಂಜೆಕ್ಷನ್ನುಗಳಿಗೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳಬೇಕಾದ ಹಲ್ಲಿದ್ದರೆ ಮುಗಿಸಿಕೊಳ್ಳಿ. ಆಮೇಲೆ ಕಿತ್ತರೆ ಕೆಲವರಿಗೆ ದವಡೆಯ ಮೂಳೆ ಮಾಯುವುದಿಲ್ಲ.

ಮುಖ್ಯ ಚಿಕಿತ್ಸೆ ಬೇರೆಯದು. 1941ರಲ್ಲಿ, ನಮ್ಮ ಪರೇಲಿನಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಬಾಗಿಲು ತೆರೆದ ವರ್ಷವೇ, ಶಿಕಾಗೋದ ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯ ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನಿನಿಂದ ಬೆಳೆಯುತ್ತದೆ, ಅದನ್ನು ನಿಲ್ಲಿಸಿದರೆ ಕುಗ್ಗುತ್ತದೆ ಎಂದು ತೋರಿಸಿದ. ವೃಷಣ ತೆಗೆದ ಮೇಲೆ ಮೂಳೆ ನೋವಿನಿಂದ ಹಾಸಿಗೆ ಹಿಡಿದವರು ಎದ್ದು ಕೂತರು. 1966ರಲ್ಲಿ ಅವನಿಗೆ ನೊಬೆಲ್ ಬಂತು. ಈಗ ಅದೇ ಕೆಲಸಕ್ಕೆ ಇಂಜೆಕ್ಷನ್ನುಗಳೂ ಇವೆ, ಜೊತೆಗೆ ಕೊಡುವ ಹೊಸ ಗುಳಿಗೆಗಳೂ ಇವೆ. ಆದರೆ ಗಂಡಸರ ಮೂಳೆಯನ್ನು ಕಾಯುವುದರಲ್ಲೂ ಆ ಹಾರ್ಮೋನಿನ ಪಾತ್ರವಿದೆ. ಅದು ಹೋದರೆ ಕ್ಯಾನ್ಸರ್ ಇಲ್ಲದ ಕಡೆಯ ಮೂಳೆಗಳು ಸವೆಯುತ್ತವೆ, ಮುಟ್ಟು ನಿಂತ ಹೆಂಗಸರಿಗೆ ಆಗುವ ಹಾಗೆ. ಒಂದೇ ಮೈಯಲ್ಲಿ ಒಂದು ಕಡೆ ಬೇಡದ ಮೂಳೆ ಬೆಳೆಯುವುದು, ಇನ್ನೊಂದು ಕಡೆ ಬೇಕಾದ ಮೂಳೆ ಸವೆಯುವುದು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಎಲ್ಲ ಯೋಚನೆಯೂ ಫಲಿಸಿದ್ದಿಲ್ಲ. ಸುಳ್ಳು ಆರ್ಡರನ್ನೇ ತಡೆಯೋಣ ಎಂದು ಎಂಡೋಥೆಲಿನ್ ಸಂದೇಶ ನಿಲ್ಲಿಸುವ ಔಷಧಗಳನ್ನು ದೊಡ್ಡ ಪ್ರಯೋಗಗಳಲ್ಲಿ ನೋಡಿದರು. ಅವು ಆಯಸ್ಸು ಹೆಚ್ಚಿಸಲಿಲ್ಲ. ಒಂದು ಬಾಯಿ ಮುಚ್ಚಿದರೆ ಆರ್ಡರು ಕೊಡಲು ಇನ್ನೂ ನಾಲ್ಕು ಬಾಯಿಗಳಿವೆ. ಇನ್ನು ಕೆಲವರು ಬೇರೆ ಜಾಣತನ ಮಾಡಿದರು. ರೇಡಿಯಂ ಧಾತು ಕ್ಯಾಲ್ಸಿಯಮ್ಮಿನ ಬಳಗದ್ದು. ಮೈಯೊಳಗೆ ಹೋದರೆ ಮೂಳೆಗೆ ಅದು ಕ್ಯಾಲ್ಸಿಯಮ್ಮಿನಂತೆಯೇ ಕಾಣುತ್ತದೆ. ಹೊಸ ಮೂಳೆ ಎಲ್ಲಿ ಭರದಿಂದ ಕಟ್ಟುತ್ತಿದೆಯೋ ಅಲ್ಲಿಗೆ ತಾನೇ ಹೋಗಿ ಸೇರಿ, ಅಕ್ಕಪಕ್ಕದ ಕೆಲವೇ ಕಣಗಳಷ್ಟು ದೂರ ಹೋಗುವ ವಿಕಿರಣ ಸೂಸುತ್ತದೆ. ಕ್ಯಾನ್ಸರ್ ಕಟ್ಟಿಸಿದ ಮನೆಯೊಳಗೇ ಅದಕ್ಕೆ ವೈರಿ. ರೇಡಿಯಂ-223 ಎಂಬ ಈ ಔಷಧಕ್ಕೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಸಿಕ್ಕಿತು. 921 ಮಂದಿಯ ಪ್ರಯೋಗದಲ್ಲಿ ಇದನ್ನು ಪಡೆದವರ ಮಧ್ಯಮ ಆಯಸ್ಸು 14.9 ತಿಂಗಳು, ಪಡೆಯದವರದು 11.3. ಮೂರೂವರೆ ತಿಂಗಳು. ಕೇಳುವವರಿಗೆ ಸಣ್ಣದು, ಮನೆಯವರಿಗೆ ಅಲ್ಲ. ಇದನ್ನೂ ಅಬಿರಾಟೆರೋನ್ ಎಂಬ ಹಾರ್ಮೋನು ಗುಳಿಗೆಯನ್ನೂ ಕೂಡಿಸಿ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಮೂಳೆ ಮುರಿತ ಹೆಚ್ಚಾಯಿತು. ಒಳ್ಳೆಯ ಔಷಧ ಎರಡು ಸೇರಿದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕ ಮೂಳೆಯ ಮುಂದೆ ನಡೆಯುವುದಿಲ್ಲ.

ಒಂದೆರಡು ಜಾಗದಲ್ಲಿ ಮಾತ್ರ ಜೋರು ನೋವಿದ್ದರೆ ಹೊರಗಿನಿಂದ ಕೊಡುವ ವಿಕಿರಣ ಚಿಕಿತ್ಸೆ ಬಹಳ ಸಲ ಸಾಕಾಗುತ್ತದೆ. ಅನೇಕರಿಗೆ ಒಂದೇ ದಿನದ ಒಂದೇ ಸಲದ ಚಿಕಿತ್ಸೆಯಿಂದ ನೋವು ಇಳಿಯುತ್ತದೆ. ನೋವಿನ ಮಾತ್ರೆಗೆ ಹೆದರಿ ಹಲ್ಲುಕಚ್ಚಿಕೊಂಡು ಮಲಗುವ ಹಿರಿಯರಿಗೆ ಇದನ್ನು ಹೇಳಿ.

ಡೊಂಬಿವಲಿಯ ಸೋದರಿಗೆ ಈಗ ನೇರವಾಗಿ ಹೇಳುತ್ತೇನೆ. ಮಾವನವರು ಕಾಲು ಜೋಮು ಹಿಡಿದಿದೆ ಎಂದರೆ, ಏಳಲು ಕಾಲಲ್ಲಿ ಬಲವಿಲ್ಲ ಎಂದರೆ, ಮೂತ್ರ ಬರುತ್ತಿಲ್ಲ ಅಥವಾ ಗೊತ್ತಾಗದೆ ಹೋಗುತ್ತಿದೆ ಎಂದರೆ, ಬೆನ್ನಿನ ನೋವು ಎರಡು ದಿನದಲ್ಲಿ ಥಟ್ಟನೆ ಜಾಸ್ತಿಯಾದರೆ, ನಾಳೆಗೆ ಇಡಬೇಡಿ, ಭಾನುವಾರವಾದರೂ ಸರಿ. ಬೆನ್ನುಮೂಳೆಯ ಗಡ್ಡೆಯೋ ಕುಸಿದ ಮೂಳೆಯೋ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ನಡೆಯುತ್ತಿರುವಾಗಲೇ ಆಸ್ಪತ್ರೆ ಸೇರಿದವರು ನಡೆಯುತ್ತ ಮನೆಗೆ ಬರುವ ಸಾಧ್ಯತೆ ಹೆಚ್ಚು. ಕಾಲು ಪೂರ್ತಿ ಬಿದ್ದುಹೋದ ಮೇಲೆ ಅದನ್ನು ಮರಳಿ ತರುವುದು ಕಷ್ಟ.

ಹಾಗೆಂದು ಅವರನ್ನು ಹಾಸಿಗೆಯಲ್ಲೇ ಇಡಬೇಡಿ. ಅಲುಗಾಡದೆ ಮಲಗಿದರೆ ಮೂಳೆಯೂ ಸ್ನಾಯುವೂ ಇನ್ನಷ್ಟು ಸವೆಯುತ್ತವೆ. ತೊಡೆಮೂಳೆ, ಬೆನ್ನುಮೂಳೆ ಭಾರ ತಡೆಯುವ ಸ್ಥಿತಿಯಲ್ಲಿವೆಯೇ, ಎಷ್ಟು ನಡೆಯಬಹುದು ಎಂದು ಡಾಕ್ಟರನ್ನು ಹೀಗೆಯೇ ನೇರವಾಗಿ ಕೇಳಿ. ಅವರು ಹೂಂ ಎಂದರೆ ಬೆಳಿಗ್ಗೆ ಸಂಜೆ ಓಣಿಯಲ್ಲಿ ನಡೆಯಲಿ. ನೀರಿನ ಕೊಡ, ಸಿಲಿಂಡರು ಎತ್ತುವುದು, ಸೊಂಟ ತಿರುಚಿ ಬಗ್ಗುವುದು ಬೇಡ. ಸ್ನಾನದ ಮನೆಯಲ್ಲಿ ಹಿಡಿದುಕೊಳ್ಳಲು ಒಂದು ಸರಳು ಹಾಕಿಸಿ, ರಾತ್ರಿ ಒಂದು ದೀಪ ಉರಿಯಲಿ. ಸೊಂಟ ನೋವೆಂದು ಯಾರಾದರೂ ಜೋರಾಗಿ ತಿಕ್ಕಿ ಲಟಲಟ ಎನ್ನಿಸಲು ಬಂದರೆ ಬಾಗಿಲಲ್ಲೇ ಕೈಮುಗಿದು ಕಳಿಸಿ.

ಲೋಕಲ್ ಟ್ರೈನು? ಡಾಕ್ಟರು ಬೇಡ ಎಂದಿರದಿದ್ದರೆ, ಮಧ್ಯಾಹ್ನ ಜನ ಕಡಿಮೆಯಿರುವ ಹೊತ್ತಿನಲ್ಲಿ, ಕೂರಲು ಜಾಗ ಸಿಗುವ ಗಾಡಿಯಲ್ಲಿ ಹೋಗಬಹುದೇನೋ. ಬೆಳಗಿನ ಎಂಟೂವರೆಯ ಡೊಂಬಿವಲಿ ಸ್ಟೇಷನ್ನಿನ ನೂಕಾಟ ನಾನು ಕಂಡವಳು. ಆ ಹೊತ್ತಿನಲ್ಲಿ ಖಂಡಿತ ಬೇಡ. ಆಸ್ಪತ್ರೆಯಲ್ಲಿ ಮಧ್ಯಾಹ್ನದ ಸಮಯ ಕೇಳಿ ನೋಡಿ. ಸಾಮಾನ್ಯವಾಗಿ ಕೊಡುತ್ತಾರೆ.

ಸೋದರಮಾವನಿಗೂ ಫೋನ್ ಮಾಡಿ ಹೇಳಿ. ಈ ಭಾಷಣದ ಪ್ರತಿಯನ್ನು ನಿಮ್ಮ ವಿಳಾಸಕ್ಕೆ ಕಳಿಸುತ್ತಿದ್ದೇನೆ, ಹುಬ್ಬಳ್ಳಿಗೂ ಒಂದು ಸೇರಿಸಿದ್ದೇನೆ.